ಕಾಲ್ಚೆಂಡಿನ ಊರಿನ ರಾತ್ರಿ ಊಟ

ರಾತ್ರಿ ಹತ್ತು ಗಂಟೆಗೆ ಮಕ್ಕಳು ಬೀದಿಯಲ್ಲಿ ಆಡುತ್ತಿದ್ದರೆ ನಮ್ಮ ಅಜ್ಜಿಯರು ಏನನ್ನುತ್ತಾರೆ? "ಇನ್ನೂ ಮಲಗಿಲ್ವೇನೋ?" ಎಂದು ಗದರುತ್ತಾರೆ. ಸ್ಪೇನ್ ದೇಶದ ಬಾರ್ಸಿಲೋನಾ ನಗರದಲ್ಲಿ ಬೇಸಿಗೆಯ ದಿನ ಆ ಹೊತ್ತಿಗೆ ಅಜ್ಜಿಯೇ ಮೊಮ್ಮಕ್ಕಳ ಜೊತೆ ಹೋಟೆಲಿನ ಹೊರಗೆ ಊಟಕ್ಕೆ ಕೂತಿರುತ್ತಾರೆ!

ಮೆಡಿಟರೇನಿಯನ್ ಸಮುದ್ರದ ದಡದಲ್ಲಿರುವ ಈ ಊರಿನ ಜನಸಂಖ್ಯೆ ಸುಮಾರು 16 ಲಕ್ಷ. ಪ್ರತಿವರ್ಷ ಅದರ ಹಲವು ಪಟ್ಟು ಪ್ರವಾಸಿಗರು ಇಲ್ಲಿಗೆ ಬರುತ್ತಾರೆ. ಅವರನ್ನು ಸೆಳೆಯುವುದು ಸಮುದ್ರ, ಸಗ್ರಾದಾ ಫಮೀಲಿಯಾ ಚರ್ಚು, ರಾತ್ರಿಯ ಗೌಜು ಮತ್ತು ಫುಟ್‌ಬಾಲ್. ಆದರೆ ಇಲ್ಲಿನ ರಾತ್ರಿ ಬರೀ ಪ್ರವಾಸಿಗರ ಸ್ವತ್ತಲ್ಲ. ಅದರಲ್ಲಿ ಮಕ್ಕಳಿಗೂ ಮುದುಕರಿಗೂ ಪಾಲಿದೆ.

ಗಡಿಯಾರದ ಕಥೆ

ಇಷ್ಟು ತಡವಾಗಿ ಊಟ ಏಕೆ? ಗ್ರೀನಿಚ್ ರೇಖೆ ಸ್ಪೇನ್ ದೇಶದ ಮೇಲೆಯೇ ಹಾದುಹೋಗುತ್ತದೆ. ಹಾಗಾಗಿ ಅಲ್ಲಿ ಲಂಡನ್ ಸಮಯ ಇರಬೇಕಿತ್ತು. 1940ರಲ್ಲಿ ಸರ್ವಾಧಿಕಾರಿ ಫ್ರಾಂಕೋ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡಿಸಿ, ಜರ್ಮನಿಯ ಸಮಯಕ್ಕೆ ಹೊಂದಿಸಿದ. ಆಮೇಲೆ ಅದನ್ನು ಯಾರೂ ಹಿಂದಕ್ಕೆ ತಿರುಗಿಸಲಿಲ್ಲ. ಬೇಸಿಗೆಯಲ್ಲಿ ಇನ್ನೊಂದು ಗಂಟೆ ಮುಂದೆ ಹೋಗುತ್ತದೆ. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂವರೆಯ ಹೊತ್ತಿಗೆ! ಹಸಿವು ಗಡಿಯಾರದ ಮಾತು ಕೇಳುವುದಿಲ್ಲ, ಸೂರ್ಯನ ಮಾತು ಕೇಳುತ್ತದೆ.

ಅಲ್ಲಿ ಚಿಕ್ಕ ಚಿಕ್ಕ ತಟ್ಟೆಗಳಲ್ಲಿ ಬರುವ ತಿಂಡಿಗಳಿಗೆ 'ತಾಪಾಸ್' ಎನ್ನುತ್ತಾರೆ. ಎಲ್ಲವನ್ನೂ ಮೇಜಿನ ನಡುವೆ ಇಟ್ಟು ಹಂಚಿ ತಿನ್ನುವುದು ರೂಢಿ. ಮನೆಮನೆಯ ಮೆಚ್ಚಿನ ತಿಂಡಿಯೊಂದು ಬಹಳ ಸರಳ. ಬ್ರೆಡ್ಡಿನ ಮೇಲೆ ಹಣ್ಣು ಟೊಮೆಟೊ ಉಜ್ಜಿ, ಆಲಿವ್ ಎಣ್ಣೆ ಬಿಟ್ಟು, ಉಪ್ಪು ಉದುರಿಸಿದರೆ ಮುಗಿಯಿತು. ಊಟ ಮುಗಿದರೂ ಯಾರೂ ಏಳುವುದಿಲ್ಲ. ಹಾಗೆ ಕೂತು ಹರಟುವುದಕ್ಕೆ ಅವರ ಭಾಷೆಯಲ್ಲಿ ಬೇರೆ ಹೆಸರೇ ಇದೆ: 'ಸೊಬ್ರೆಮೆಸಾ'. ಆ ಹರಟೆಯಲ್ಲಿ ಫುಟ್‌ಬಾಲ್ ಬಾರದೆ ಇರುವುದಿಲ್ಲ.

ಸದಸ್ಯರೇ ಒಡೆಯರು

ಬಾರ್ಸಿಲೋನಾ ಫುಟ್‌ಬಾಲ್ ಕ್ಲಬ್ ಹುಟ್ಟಿದ್ದು 1899ರಲ್ಲಿ. ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ಜೋನ್ ಗ್ಯಾಂಪರ್ ಎಂಬ ಯುವಕ 'ಆಡಲು ಆಸಕ್ತಿ ಇದ್ದವರು ಬನ್ನಿ' ಎಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟ. ಬಂದವರೆಲ್ಲ ಸೇರಿ ತಂಡ ಕಟ್ಟಿದರು. ಇಂದಿಗೂ ಈ ಕ್ಲಬ್ಬಿಗೆ ಒಬ್ಬ ಶ್ರೀಮಂತ ಮಾಲೀಕನಿಲ್ಲ. ನಮ್ಮ ಸಹಕಾರ ಸಂಘದ ಹಾಗೆ ಲಕ್ಷಕ್ಕೂ ಹೆಚ್ಚು ಸದಸ್ಯರೇ ಇದರ ಒಡೆಯರು. ಅಧ್ಯಕ್ಷರನ್ನು ಅವರೇ ಮತ ಹಾಕಿ ಆರಿಸುತ್ತಾರೆ.

ತಂಡ ಗೆದ್ದ ರಾತ್ರಿ ಜನ ಸೇರುವುದು ರಾಂಬ್ಲಾ ಬೀದಿಯ ಕನಲೇಟಸ್ ಎಂಬ ಕುಡಿಯುವ ನೀರಿನ ಕಾರಂಜಿಯ ಬಳಿ. 1930ರ ದಶಕದಲ್ಲಿ ಅದರ ಎದುರಿಗೆ ಒಂದು ಪತ್ರಿಕಾ ಕಚೇರಿಯಿತ್ತು. ಪಂದ್ಯದ ಫಲಿತಾಂಶವನ್ನು ಅವರು ಕರಿಹಲಗೆಯ ಮೇಲೆ ಬರೆದು ಹೊರಗಿಡುತ್ತಿದ್ದರು. ಅದನ್ನು ನೋಡಲು ನಿಲ್ಲುತ್ತಿದ್ದ ಜನರ ಅಭ್ಯಾಸವನ್ನು ಮೊಮ್ಮಕ್ಕಳು ಮುಂದುವರಿಸಿದ್ದಾರೆ.

ತೋಟದ ಮನೆಯ ಶಾಲೆ

ಇದೇ ಊರಿನಲ್ಲಿ ಬೇರೊಂದು ಬಗೆಯ ರಾತ್ರಿಯನ್ನು ಕಳೆಯುವ ಮಕ್ಕಳೂ ಇದ್ದಾರೆ. 1979ರಲ್ಲಿ ಕ್ಲಬ್ ತನ್ನ ಮೈದಾನದ ಪಕ್ಕದ ಹಳೆಯ ಕಲ್ಲಿನ ಮನೆಯೊಂದನ್ನು ಹೊರಊರಿನ ಹುಡುಗರ ಹಾಸ್ಟೆಲ್ ಮಾಡಿತು. 1702ರಲ್ಲಿ ಕಟ್ಟಿದ ಆ ಮನೆಯ ಹೆಸರು 'ಲಾ ಮಸಿಯಾ', ಅಂದರೆ ತೋಟದ ಮನೆ. 2011ರಲ್ಲಿ ಹಾಸ್ಟೆಲ್ ಹೊಸ ಕಟ್ಟಡಕ್ಕೆ ಹೋಯಿತು, ಹೆಸರು ಮಾತ್ರ ಅದೇ ಉಳಿಯಿತು. 2021ರಿಂದ ಹುಡುಗಿಯರೂ ಅಲ್ಲಿ ವಾಸ ಮಾಡುತ್ತಿದ್ದಾರೆ.

ಹನ್ನೆರಡು ವರ್ಷದ ಆಂದ್ರೆಸ್ ಇನಿಯೆಸ್ತಾ 1996ರಲ್ಲಿ ದೂರದ ಹಳ್ಳಿಯಿಂದ ಇಲ್ಲಿಗೆ ಬಂದ. ಮನೆಯವರು ಬಿಟ್ಟುಹೋದ ಮೊದಲ ದಿನಗಳಲ್ಲಿ ತುಂಬಾ ಅತ್ತಿದ್ದೆ ಎಂದು ಆತನೇ ಹೇಳಿಕೊಂಡಿದ್ದಾನೆ. 2010ರ ವಿಶ್ವಕಪ್ ಫೈನಲ್‌ನಲ್ಲಿ ಸ್ಪೇನ್‌ಗೆ ಗೆಲುವು ತಂದ ಗೋಲು ಹೊಡೆದವನು ಅದೇ ಹುಡುಗ! ಆ ವರ್ಷ ಜಗತ್ತಿನ ಅತ್ಯುತ್ತಮ ಆಟಗಾರನ ಪ್ರಶಸ್ತಿಯ ಅಂತಿಮ ಸುತ್ತಿನಲ್ಲಿದ್ದ ಮೆಸ್ಸಿ, ಇನಿಯೆಸ್ತಾ, ಶಾವಿ ಮೂವರೂ ಈ ಶಾಲೆಯವರೇ.

ಆದರೆ ಮಕ್ಕಳೇ, ಇಲ್ಲಿ ಸೇರಿದವರಲ್ಲಿ ದೊಡ್ಡ ತಂಡಕ್ಕೆ ಏರುವವರು ಕೆಲವರು ಮಾತ್ರ. ಉಳಿದವರು ಬೇರೆ ದಾರಿ ಹುಡುಕಬೇಕು. ಅದಕ್ಕೇ ಇಲ್ಲಿ ಓದು ಕಡ್ಡಾಯ. ಲಮೀನ್ ಯಮಾಲ್ 2024ರ ಯುರೋ ಕಪ್ ಆಡಲು ಹೋದಾಗ ಅವನಿಗೆ ಹದಿನಾರು ವರ್ಷ. ಚೀಲದಲ್ಲಿ ಬೂಟಿನ ಜೊತೆ ಶಾಲೆಯ ಹೋಂವರ್ಕ್ ಕೂಡ ಇತ್ತು. ಪಂದ್ಯಾವಳಿಯ ನಡುವೆಯೇ ಅವನು ಪರೀಕ್ಷೆ ಪಾಸಾದ ಸುದ್ದಿ ಬಂತು!

ಕೈ ಒರೆಸುವ ಕಾಗದದ ಕರಾರು

ಅರ್ಜೆಂಟೀನಾದ ರೊಸಾರಿಯೋ ಊರಿನಲ್ಲಿ ಸೀಲಿಯಾ ಎಂಬ ಅಜ್ಜಿ ಪುಟ್ಟ ಮೊಮ್ಮಗನನ್ನು ಬಡಾವಣೆಯ ಕ್ಲಬ್ಬಿಗೆ ಆಡಿಸಲು ಕರೆದೊಯ್ಯುತ್ತಿದ್ದರು. ಆ ಹುಡುಗ ಲಿಯೊನೆಲ್ ಮೆಸ್ಸಿ. ದೇಹ ಬೆಳೆಯಲು ಅವನಿಗೆ ದುಬಾರಿ ಚುಚ್ಚುಮದ್ದು ಬೇಕಿತ್ತು. ಹದಿಮೂರನೆಯ ವಯಸ್ಸಿನಲ್ಲಿ ಬಾರ್ಸಿಲೋನಾಕ್ಕೆ ಬಂದು ಆಡಿ ತೋರಿಸಿದ. ಎಲ್ಲರೂ ಮೆಚ್ಚಿದರು. ಆದರೆ ತಿಂಗಳುಗಳು ಕಳೆದರೂ ಕ್ಲಬ್ ಕರಾರು ಮಾಡಿಕೊಳ್ಳಲಿಲ್ಲ. ತಂದೆ ಕಂಗಾಲಾದರು.

2000ನೇ ಇಸವಿ ಡಿಸೆಂಬರ್ 14ರಂದು ಊರಿನ ಟೆನಿಸ್ ಕ್ಲಬ್ಬೊಂದರಲ್ಲಿ ಕ್ಲಬ್ಬಿನ ಅಧಿಕಾರಿ ಕಾರ್ಲೆಸ್ ರೆಶಾಕ್ ಕೈ ಒರೆಸುವ ಕಾಗದವನ್ನೇ ಎಳೆದುಕೊಂಡು, ಹುಡುಗನನ್ನು ಸೇರಿಸಿಕೊಳ್ಳುವುದಾಗಿ ಬರೆದು ಸಹಿ ಹಾಕಿದರು. ಬ್ಯಾಂಕಿನಲ್ಲಿ ಜೀವಮಾನವಿಡೀ ಛಾಪಾ ಕಾಗದ, ಮೊಹರು ನೋಡಿದ ನನ್ನಂಥವನಿಗೆ ಇದು ಸೋಜಿಗ! 2024ರಲ್ಲಿ ಆ ಕಾಗದ ಲಂಡನ್ನಿನ ಹರಾಜು ಸಂಸ್ಥೆಯೊಂದರ ಮೂಲಕ ಸುಮಾರು 8 ಕೋಟಿ ರೂಪಾಯಿಗೆ ಮಾರಾಟವಾಯಿತು. ಗೋಲು ಹೊಡೆದಾಗ ಮೆಸ್ಸಿ ಆಕಾಶದತ್ತ ಬೆರಳು ತೋರಿಸುವುದು ತೀರಿಹೋದ ಅಜ್ಜಿಯ ನೆನಪಿಗೆ.

ಈಗಿನ ತಕರಾರು

ಅತಿಥಿಗಳು ಹೆಚ್ಚಾದರೆ ಮನೆಯವರಿಗೇ ಜಾಗ ಇಲ್ಲದಂತಾಗುತ್ತದೆ. ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಮನೆ ಕೊಟ್ಟರೆ ಹೆಚ್ಚು ದುಡ್ಡು. ಹೀಗಾಗಿ ಬಾಡಿಗೆ ಏರಿತು. ತಲೆಮಾರಿನಿಂದ ಇದ್ದವರು ಬಡಾವಣೆ ಬಿಡಬೇಕಾಯಿತು. ರಾತ್ರಿಯ ಗಲಾಟೆಯಿಂದ ನಿದ್ದೆಯೂ ಹೋಯಿತು. 2024ರ ಜುಲೈಯಲ್ಲಿ ಸಾವಿರಾರು ಜನ ಬೀದಿಗಿಳಿದರು. ಕೆಲವರು ಹೋಟೆಲಿನಲ್ಲಿ ಕೂತ ಪ್ರವಾಸಿಗರ ಮೇಲೆ ಆಟದ ಪಿಸ್ತೂಲಿನಿಂದ ನೀರು ಹಾರಿಸಿದರು! ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಸುಮಾರು 10,000 ಮನೆಗಳ ಪರವಾನಗಿಯನ್ನು 2028ರ ನವೆಂಬರ್ ಹೊತ್ತಿಗೆ ಕೊನೆಗೊಳಿಸುವುದಾಗಿ ನಗರಾಡಳಿತ ಹೇಳಿದೆ. ಅಜ್ಜಿ ಮೊಮ್ಮಕ್ಕಳು ಬಿಟ್ಟುಹೋದ ಚೌಕದಲ್ಲಿ ದೀಪ ಎಷ್ಟಿದ್ದರೇನು?

ಆಡಿ ನೋಡಿ: ರೋಂಡೋ

1988ರಲ್ಲಿ ಯೋಹಾನ್ ಕ್ರೈಫ್ ತರಬೇತುದಾರರಾಗಿ ಬಂದ ಮೇಲೆ ಲಾ ಮಸಿಯಾದ ಮುಖ್ಯ ಪಾಠವಾದ ಆಟವಿದು. ಐದಾರು ಮಕ್ಕಳು ವೃತ್ತವಾಗಿ ನಿಲ್ಲಿ. ಒಬ್ಬರು ನಡುವೆ. ವೃತ್ತದವರು ಚೆಂಡನ್ನು ಒಂದೇ ಒದೆತದಲ್ಲಿ ಒಬ್ಬರಿಂದೊಬ್ಬರಿಗೆ ದಾಟಿಸಬೇಕು. ನಡುವಿನವರಿಗೆ ಸಿಕ್ಕಿದರೆ, ಕಳೆದುಕೊಂಡವರು ನಡುವೆ ಹೋಗಬೇಕು. ಇಲ್ಲಿ ಗೋಲಿಲ್ಲ. ಚೆಂಡನ್ನು ತಾನೇ ಇಟ್ಟುಕೊಳ್ಳದೆ ಪಕ್ಕದವರಿಗೆ ಕೊಡುವುದೇ ಜಾಣತನ.

ಎಷ್ಟು ಬಾರಿ ದಾಟಿತು ಎಂಬ ಎಣಿಕೆಯ ಕೆಲಸ ಅಜ್ಜ ಅಜ್ಜಿಯರಿಗೆ ಇರಲಿ. ಆಟ ಮುಗಿದ ಮೇಲೆ ಬ್ರೆಡ್ಡಿಗೆ ಟೊಮೆಟೊ ಉಜ್ಜಿ ಎಲ್ಲರೂ ಹಂಚಿಕೊಂಡು ತಿನ್ನಿ. ಆದರೆ ರಾತ್ರಿ ಹತ್ತರವರೆಗೆ ಕಾಯಬೇಡಿ. ನಮ್ಮ ಸೂರ್ಯ ಬೇಗ ಮುಳುಗುತ್ತಾನೆ!