ನೋವನ್ನು ಕೇಳದ ಯಂತ್ರ

ಎದೆ ನಡುವೆ ಯಾರೋ ಅದುಮಿ ಹಿಡಿದ ಹಾಗೆ. ಎಡಗೈಯ ಒಳಮಗ್ಗುಲಲ್ಲಿ ಕಿರುಬೆರಳಿನವರೆಗೂ ಸೆಳೆತ. ಇದಕ್ಕೆ ನಮ್ಮ ಮನೆಗಳಲ್ಲಿ ತಟ್ಟನೆ ಸಿಗುವ ಉತ್ತರ, ‘ಗ್ಯಾಸ್ಟ್ರಿಕ್ ಇರಬೇಕು, ಒಂದು ಸೋಡಾ ಕುಡಿ’. ಎಷ್ಟೋ ಸಲ ಆ ಉತ್ತರ ಸರಿಯಾಗಿಯೇ ಇರುತ್ತದೆ. ಆದರೆ ಅದು ಸರಿಯಾದ ದಿನವೂ ತಪ್ಪಾದ ದಿನವೂ ನೋವು ಒಂದೇ ಥರ ಇರಬಹುದು ಎನ್ನುವುದೇ ಅಪಾಯ.

ಹೃದಯದ ನೋವು ಕೈಯಲ್ಲಿ ಕಾಣಿಸಿಕೊಳ್ಳಲು ಕಾರಣ ಬೆನ್ನುಹುರಿಯಲ್ಲಿದೆ. ಹೃದಯದಿಂದ ಹೊರಟ ನೋವಿನ ನರತಂತುಗಳು ಎದೆಯ ಮೇಲ್ಭಾಗದ ಮಟ್ಟದಲ್ಲಿ ಬೆನ್ನುಹುರಿಯನ್ನು ಹೊಗುತ್ತವೆ. ಎದೆಯ ಚರ್ಮದ ಮತ್ತು ತೋಳಿನ ಒಳಬದಿಯ ನರಗಳು ಬಂದು ಸೇರುವುದೂ ಹೆಚ್ಚುಕಡಿಮೆ ಅಲ್ಲಿಗೇ. ಅಲ್ಲಿಂದ ಮೆದುಳಿಗೆ ಸುದ್ದಿ ಒಯ್ಯುವ ನರಕೋಶಗಳು ಎರಡಕ್ಕೂ ಒಂದೇ. ಪೆಟ್ಟು, ಗಾಯ, ಬಿಸಿ ಎಲ್ಲವೂ ಹುಟ್ಟಿದಾಗಿನಿಂದ ಕೈಯಿಂದ ಬರುತ್ತಲೇ ಇವೆ. ಹೃದಯದಿಂದ ಅಂಥ ಸುದ್ದಿ ಬರುವುದೇ ಅಪರೂಪ. ಹಾಗಾಗಿ ಮೆದುಳು ನೋವನ್ನು ಕೈಯ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಅನ್ನನಾಳದ ನರಗಳೂ ಇದೇ ದಾರಿ ಹಿಡಿಯುವುದರಿಂದ ಹುಳಿತೇಗಿನ ಉರಿಯನ್ನೂ ಹೃದಯದ ಹಿಂಡುವಿಕೆಯನ್ನೂ ಬೇರೆ ಮಾಡಿ ಹೇಳುವುದು ನೋವುಂಡವರಿಗೇ ಕಷ್ಟ. ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ 1772ರಲ್ಲೇ ಈ ನೋವನ್ನು ವರ್ಣಿಸಿದ್ದರು. ನಡೆಯುವಾಗ ಎದೆ ಹಿಡಿಯುತ್ತದೆ, ನಿಂತರೆ ಬಿಡುತ್ತದೆ, ಕೆಲವರಿಗೆ ಎಡತೋಳೂ ನೋಯುತ್ತದೆ ಎಂದು ಬರೆದರು. ಇಷ್ಟು ನಿಖರವಾಗಿ ನೋಡಿದವರಿಗೂ ಅದರ ಮೂಲ ಹೃದಯದ ರಕ್ತನಾಳದಲ್ಲಿದೆ ಎಂಬುದು ಹೊಳೆಯಲಿಲ್ಲ.

ಇಸಿಜಿ ಯಂತ್ರದ ಹೆಚ್ಚುಗಾರಿಕೆ ಇರುವುದು ಇಲ್ಲಿ. ಅದು ನೋವಿನ ಗೋಜಿಗೇ ಹೋಗುವುದಿಲ್ಲ. ಪ್ರತಿ ಬಡಿತಕ್ಕೂ ಮುಂಚೆ ಹೃದಯದ ಸ್ನಾಯುವಿನಲ್ಲಿ ಹರಡುವ ವಿದ್ಯುತ್ತಿನ ಅಲೆಯನ್ನಷ್ಟೇ ಅದು ಹಿಡಿಯುತ್ತದೆ. ಚರ್ಮಕ್ಕೆ ಬರುವ ಹೊತ್ತಿಗೆ ಆ ಅಲೆ ಸುಮಾರು ಒಂದು ಮಿಲಿವೋಲ್ಟಿನಷ್ಟಾಗಿರುತ್ತದೆ. ಅಷ್ಟು ಸಣ್ಣದನ್ನು ಅಳೆಯಲು ಹಾಲೆಂಡಿನ ಲೈಡನ್ನಿನಲ್ಲಿ ವಿಲ್ಲೆಂ ಐಂಥೋವನ್ ಕಟ್ಟಿದ ಯಂತ್ರದ ಜೀವಾಳ ಎರಡು ಅಯಸ್ಕಾಂತಗಳ ನಡುವೆ ಬಿಗಿದ, ಬೆಳ್ಳಿ ಲೇಪಿಸಿದ, ಕೂದಲಿಗಿಂತ ತೆಳ್ಳಗಿನ ಸ್ಫಟಿಕದ ಎಳೆ. ಯಂತ್ರದ ತೂಕ ಸುಮಾರು 270 ಕಿಲೋ. ನಡೆಸಲು ಐದು ಜನ ಬೇಕಿತ್ತು. ರೋಗಿ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂರಬೇಕಿತ್ತು. ಅಂಥ ಯಂತ್ರ ಇಟ್ಟುಕೊಂಡೇ ಐಂಥೋವನ್ 1905ರಲ್ಲಿ ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ದೂರವಾಣಿ ತಂತಿಯ ಮೂಲಕ ಪ್ರಯೋಗಾಲಯಕ್ಕೆ ರೋಗಿಗಳ ಇಸಿಜಿ ತರಿಸಿಕೊಂಡರು. ಅವರಿಗೆ 1924ರ ನೊಬೆಲ್ ಬಂತು.

ಇಂದಿನ ಯಂತ್ರ ಒಂದು ಕೈಚೀಲದಲ್ಲಿ ಹಿಡಿಯುತ್ತದೆ. ಕೈಕಾಲುಗಳಿಗೆ ನಾಲ್ಕು, ಎದೆಗೆ ಆರು ಎಲೆಕ್ಟ್ರೋಡ್. ಅವುಗಳಿಂದ 12 ನೋಟಗಳು. ಒಂದೇ ತೇರನ್ನು ಬೀದಿಯ ಬೇರೆಬೇರೆ ಜಗಲಿಗಳಿಂದ ನೋಡಿದಂತೆ, ಒಂದೇ ಅಲೆ ಪ್ರತಿ ನೋಟಕ್ಕೂ ಬೇರೆಯಾಗಿ ಕಾಣುತ್ತದೆ. ರಕ್ತ ಸಿಗದ ಸ್ನಾಯುವಿನಿಂದ ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ನರಳುತ್ತಿರುವ ಭಾಗಕ್ಕೂ ಆರೋಗ್ಯವಾಗಿರುವ ಭಾಗಕ್ಕೂ ವೋಲ್ಟೇಜಿನಲ್ಲಿ ವ್ಯತ್ಯಾಸ ಹುಟ್ಟಿ, ಅವುಗಳ ನಡುವೆ ಕರೆಂಟು ಹರಿಯುತ್ತದೆ. ಆಗ ಸಮತಟ್ಟಾಗಿರಬೇಕಾದ ಎಸ್‌ಟಿ ಎಂಬ ಗೆರೆ ಮೇಲೇಳುತ್ತದೆ ಅಥವಾ ಕೆಳಗಿಳಿಯುತ್ತದೆ. ಯಾವ ನೋಟಗಳಲ್ಲಿ ಎದ್ದಿದೆ ಎನ್ನುವುದರಿಂದ ಹೃದಯದ ಯಾವ ಗೋಡೆಗೆ ಪೆಟ್ಟು ಬಿದ್ದಿದೆ, ಯಾವ ರಕ್ತನಾಳ ಕಟ್ಟಿರಬಹುದು ಎಂದು ವೈದ್ಯರು ಹೇಳಬಲ್ಲರು. ಎದೆನೋವೆಂದು ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಎಂಬ ನಿಯಮ ಇರುವುದು ಇದಕ್ಕಾಗಿ.

ಆದರೆ ‘ಇಸಿಜಿ ನಾರ್ಮಲ್’ ಎಂಬ ಮಾತಿಗೆ ನಾವು ಕೊಡುವ ಬೆಲೆ ಅತಿಯಾಯಿತು. ಇಸಿಜಿ ರಕ್ತನಾಳದ ಒಳಗನ್ನು ನೋಡುವುದಿಲ್ಲ. ರಕ್ತನಾಳ ಸಾಕಷ್ಟು ಕಿರಿದಾಗಿದ್ದರೂ, ಸುಮ್ಮನೆ ಮಲಗಿದವರ ಹೃದಯಕ್ಕೆ ಆ ಹೊತ್ತಿಗೆ ರಕ್ತ ಸಾಲುತ್ತಿದ್ದರೆ ಗೆರೆಗಳು ನೆಟ್ಟಗಿರುತ್ತವೆ. ಹೃದಯಾಘಾತ ಆಗುತ್ತಿರುವಾಗಲೂ ಮೊದಲ ಇಸಿಜಿ ಏನನ್ನೂ ತೋರಿಸದೆ ಇರಬಹುದು. ಸಾಮಾನ್ಯವಾಗಿ ಹಚ್ಚುವ ಎಲೆಕ್ಟ್ರೋಡುಗಳಲ್ಲಿ ಒಂದೂ ಬೆನ್ನಿನ ಕಡೆ ಇಲ್ಲ; ಹೃದಯದ ಹಿಂಗೋಡೆಗೆ ರಕ್ತ ನಿಂತರೆ ಆ 12 ನೋಟಗಳಲ್ಲಿ ಅದು ನೇರವಾಗಿ ಕಾಣದು. ಅನುಮಾನ ಬಂದ ವೈದ್ಯರು ಎಡಬೆನ್ನಿಗೆ ಮೂರು ಎಲೆಕ್ಟ್ರೋಡ್ ಹಚ್ಚಿ ಮತ್ತೆ ತೆಗೆಯುತ್ತಾರೆ. ನೋವು ನಿಲ್ಲದಿದ್ದರೆ ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಮರಳಿ ತೆಗೆಯುವುದು, ಸತ್ತ ಸ್ನಾಯುವಿನಿಂದ ರಕ್ತಕ್ಕೆ ಇಳಿಯುವ ಟ್ರೋಪೋನಿನ್ ಎಂಬ ಪ್ರೋಟೀನನ್ನು ಕೆಲವು ಗಂಟೆಗಳ ಅಂತರದಲ್ಲಿ ಎರಡು ಸಲ ಅಳೆಯುವುದು, ಇವು ದುಡ್ಡು ಕೀಳುವ ಉಪಾಯಗಳಲ್ಲ. ‘ಒಂದು ಸಲ ಆಯ್ತಲ್ಲ ಡಾಕ್ಟ್ರೇ’ ಎಂದು ಎದ್ದುಹೋಗುವವರನ್ನು ಕಂಡರೆ ನನಗೆ ಭಯವಾಗುತ್ತದೆ.

ಹೃದಯದ್ದಲ್ಲ ಎಂದಾದ ಮೇಲೂ ನೋವಿಗೊಂದು ಕಾರಣ ಬೇಕಲ್ಲ. ಕುತ್ತಿಗೆ ಹೊರಳಿಸಿದಾಗ ಕೈಗೆ ಕರೆಂಟು ಹೊಡೆದಂತಾಗಿ ಹೆಬ್ಬೆರಳೋ ನಡುಬೆರಳೋ ಜೋಮು ಹಿಡಿದರೆ ಕುತ್ತಿಗೆಯ ಡಿಸ್ಕು ನರವನ್ನು ಒತ್ತುತ್ತಿರಬಹುದು. ಪಕ್ಕೆಲುಬು ಎದೆಮೂಳೆಗೆ ಕೂಡುವ ಜಾಗ ಒತ್ತಿದಾಗ ಅದೇ ನೋವು ಮರುಕಳಿಸಿದರೆ ಅಲ್ಲಿಯ ಉರಿಯೂತ. ಎದೆಯ ಒಂದೇ ಬದಿಗೆ ಪಟ್ಟಿ ಕಟ್ಟಿದಂಥ ಉರಿ ಬಂದು ಕೆಲವು ದಿನಕ್ಕೆ ಗುಳ್ಳೆ ಎದ್ದರೆ ಸರ್ಪಸುತ್ತು. ಮಲಗಿದರೆ ಹೆಚ್ಚಾಗಿ ಮುಂದಕ್ಕೆ ಬಾಗಿದರೆ ತಗ್ಗುವ ನೋವು ಹೃದಯದ ಹೊರಪೊರೆಯದ್ದು. ಇವುಗಳ ನಡುವೆ ಮರೆಯಬಾರದ್ದೊಂದಿದೆ: ಬೆನ್ನಿಗೆ ಸೀಳಿಕೊಂಡು ಹೋದಂತೆ ದಿಢೀರನೆ ಬರುವ ನೋವು. ಮಹಾಧಮನಿಯ ಒಳಪದರ ಹರಿದಿರಬಹುದು. ವೈದ್ಯರು ಎರಡೂ ಕೈಯ ಬಿಪಿ ನೋಡುವುದಕ್ಕೆ ಇದೂ ಒಂದು ಕಾರಣ; ಇಲ್ಲಿ ರಕ್ತದ ಹೆಪ್ಪು ಕರಗಿಸುವ ಔಷಧ ಕೊಟ್ಟರೆ ಜೀವಕ್ಕೇ ಕುತ್ತು.

ಮನೆಯ ಪರೀಕ್ಷೆಗಳನ್ನು ನಂಬಬೇಡಿ. ಹೃದಯದ ನೋವಿಗೆಂದು ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಮಾತ್ರೆ ಅನ್ನನಾಳದ ಬಿಗಿತವನ್ನೂ ಸಡಿಲಿಸುತ್ತದೆ; ಅದರಿಂದ ನೋವು ಇಳಿದರೆ ಅದು ಹೃದಯದ್ದೇ ಎಂದಲ್ಲ. ಸೋಡಾ ಕುಡಿದು ತೇಗಿದ ಮೇಲೆ ನೋವು ಇಳಿದರೆ ಹೃದಯ ಚೆನ್ನಾಗಿದೆ ಎಂದಲ್ಲ. ಹೃದಯದ ನೋವೂ ಬಂದು ಹೋಗುವಂಥದ್ದೇ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ ಎದೆನೋವೇ ಇಲ್ಲದೆ ಬರೀ ಬೆವರು, ಏದುಸಿರು, ದವಡೆನೋವು, ವಾಕರಿಕೆಯಾಗಿ ಹೃದಯಾಘಾತ ಬರುವುದುಂಟು.

ಗೆರೆ ಓದಬಲ್ಲ ಹೃದ್ರೋಗ ತಜ್ಞರು ಊರಲ್ಲಿಲ್ಲ ಎನ್ನುವ ಕೊರತೆಯನ್ನು ನಮ್ಮಲ್ಲಿ ಐಂಥೋವನ್ನರ ಹಳೆಯ ಉಪಾಯವೇ ತುಂಬುತ್ತಿದೆ. ಮಂಗಳೂರಿನ ಡಾ. ಪದ್ಮನಾಭ ಕಾಮತ್ ಗ್ರಾಮೀಣ ವೈದ್ಯರಿಗೆ ಇಸಿಜಿ ಯಂತ್ರ ಒದಗಿಸಿ, ವಾಟ್ಸ್‌ಆ್ಯಪಿನಲ್ಲಿ ಬಂದ ಇಸಿಜಿಗಳನ್ನು ತಜ್ಞರು ಓದಿ ಹೇಳುವ ವ್ಯವಸ್ಥೆ ಕಟ್ಟಿದರು. ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿ ಜಯದೇವ ಹೃದ್ರೋಗ ಆಸ್ಪತ್ರೆಯಂಥ ಕೇಂದ್ರಕ್ಕೆ ಹೋಗುತ್ತದೆ. ಗೆರೆ ಎದ್ದಿರುವುದು ಖಚಿತವಾದರೆ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಸಿಗುತ್ತದೆ.

ನೀವು ಮಾಡಬಹುದಾದ ಒಂದು ಕೆಲಸವಿದೆ. ಚೆನ್ನಾಗಿರುವಾಗ ತೆಗೆಸಿದ ಇಸಿಜಿ ಇದ್ದರೆ ಜೋಪಾನ ಮಾಡಿ. ಕೆಲವರ ಗೆರೆಗಳು ಮೊದಲಿನಿಂದಲೇ ವಕ್ರವಾಗಿರುತ್ತವೆ. ಹಳೆಯದು ಕೈಯಲ್ಲಿದ್ದರೆ ಇವತ್ತಿನ ಬದಲಾವಣೆ ಹೊಸದೋ ಅಲ್ಲವೋ ಎಂದು ವೈದ್ಯರಿಗೆ ಕೂಡಲೇ ಗೊತ್ತಾಗುತ್ತದೆ. ಆ ಕಾಗದದ ಅಚ್ಚು ಶಾಖದಿಂದ ಮೂಡಿದ್ದು, ವರ್ಷ ಕಳೆದಂತೆ ಮಾಸಿಹೋಗುತ್ತದೆ. ಇಂದೇ ಒಂದು ಫೋಟೋ ತೆಗೆದು ಮನೆಯವರ ಮೊಬೈಲಿಗೂ ಕಳಿಸಿಡಿ.