ಕಿಟ್ ಆನ್ ಆಯಿತು, ಸರಿಯಾಯಿತೇ?

ನಮ್ಮ ಎಲೆಕ್ಟ್ರಾನಿಕ್ಸ್ ಲ್ಯಾಬಿನ 8085 ಕಿಟ್‌ಗಳನ್ನು ನೀವೆಲ್ಲ ಬಳಸಿದ್ದೀರಿ. ಈ ಮೈಕ್ರೊಪ್ರೊಸೆಸರನ್ನು ಇಂಟೆಲ್ ಕಂಪನಿ 1976ರಲ್ಲಿ ಹೊರತಂದಿತು. ಚಿಪ್ ಹಳೆಯದು, ಆದರೆ ಬೋರ್ಡಿನ ಮೇಲೆ ಪ್ರತಿ ಭಾಗವೂ ಬೇರೆಬೇರೆಯಾಗಿ ಕಾಣುವುದರಿಂದ ದೋಷ ಹುಡುಕುವುದನ್ನು ಕಲಿಯಲು ಬಹಳ ಅನುಕೂಲ.

ಕೆಟ್ಟ ಕಿಟ್‌ನ ಡಿಸ್‌ಪ್ಲೇ ಮತ್ತೆ ಬೆಳಗಿದ ಕೂಡಲೇ "ಸರಿಯಾಯ್ತು ಸರ್" ಎಂದು ಅದನ್ನು ಕಪಾಟಿಗೆ ಇಡಲು ಹೊರಡುತ್ತೀರಿ. ನಾನು ತಡೆಯುತ್ತೇನೆ. ಅರೆಬರೆ ಸರಿಯಾದ ಕಿಟ್ ಪ್ರಾಯೋಗಿಕ ಪರೀಕ್ಷೆಯ ದಿನ ಯಾರದೋ ಕೈಗೆ ಸಿಗುತ್ತದೆ. ಪ್ರೋಗ್ರಾಂ ಸರಿಯಿದ್ದರೂ ಉತ್ತರ ತಪ್ಪು ಬರುತ್ತದೆ. ಆಗ ಆ ವಿದ್ಯಾರ್ಥಿ ಕಿಟ್ಟನ್ನಲ್ಲ, ತನ್ನನ್ನೇ ಅನುಮಾನಿಸುತ್ತಾನೆ.

ಆದ್ದರಿಂದ ಮೊದಲು ದೋಷವನ್ನು ಬರೆದುಕೊಳ್ಳಿ: ಆನ್ ಮಾಡಿದ ಎಷ್ಟು ಹೊತ್ತಿಗೆ ಬಂತು, ಯಾವ ಕೀ ಒತ್ತಿದಾಗ ಬಂತು? ಯಾವಾಗ ಕೆಡುತ್ತಿತ್ತು ಎಂಬುದು ಗೊತ್ತಿಲ್ಲದಿದ್ದರೆ ಸರಿಯಾಗಿದೆ ಎಂದು ಹೇಳಲಾಗದು.

ನಂತರ ಮೂರು ತಪಾಸಣೆ. ಚಿಪ್‌ನ 40 ಮತ್ತು 20ನೇ ಪಿನ್‌ಗಳ ನಡುವೆ 5 ವೋಲ್ಟ್ ಇದೆಯೇ? ಪವರ್ ಸಪ್ಲೈ ಹತ್ತಿರವಲ್ಲ, ಚಿಪ್‌ನ ಪಿನ್‌ಗಳಲ್ಲೇ ಅಳೆಯಬೇಕು. 36ನೇ ಪಿನ್ ಕೆಳಮಟ್ಟದಲ್ಲೇ ನಿಂತಿದ್ದರೆ ಪ್ರೊಸೆಸರ್ ರೀಸೆಟ್‌ನಿಂದ ಹೊರಬರುವುದಿಲ್ಲ. ಕ್ರಿಸ್ಟಲ್ 6.144 ಮೆಗಾಹರ್ಟ್ಸ್ ಆಗಿದ್ದರೆ, 37ನೇ ಪಿನ್‌ನಲ್ಲಿ ಅದರ ಅರ್ಧ, ಅಂದರೆ 3.072 ಮೆಗಾಹರ್ಟ್ಸ್ ಕ್ಲಾಕ್ ಸಿಆರ್‌ಒನಲ್ಲಿ ಕಾಣಬೇಕು.

ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ. ಒಂದು ಕಿಟ್ ಅರ್ಧ ಗಂಟೆ ಚೆನ್ನಾಗಿ ನಡೆದು ಆಮೇಲೆ ನಿಂತುಬಿಡುತ್ತಿತ್ತು. ಎಪ್ರಾಮ್ ಚಿಪ್ಪನ್ನು ಬೆರಳಿನಿಂದ ಒತ್ತಿದರೆ, ರೀಸೆಟ್ ಮಾಡಿದಾಗ ಮತ್ತೆ ನಡೆಯುತ್ತಿತ್ತು. ಪವರ್ ಆಫ್ ಮಾಡಿ ಸಾಕೆಟ್ಟಿನ ಬೆಸುಗೆಯನ್ನು ಮಾತ್ರ ಹೊಸದಾಗಿ ಹಾಕಿದೆ, ಬೇರೇನನ್ನೂ ಮುಟ್ಟಲಿಲ್ಲ. ಬಳಿಕ ಐದು ನಿಮಿಷ ನೋಡಿ ಬಿಡಲಿಲ್ಲ. ಎರಡು ಗಂಟೆ ಓಡಿಸಿದೆ. ಅರ್ಧ ಗಂಟೆಗೆ ಬರುವ ದೋಷ ಹೋಗಿದೆಯೇ ಎಂದು ತಿಳಿಯಲು ಅಷ್ಟಾದರೂ ಕಾಯಬೇಕು. ನಡುವೆ ಬೋರ್ಡನ್ನು ಮೆಲ್ಲಗೆ ತಟ್ಟಿ, ಹತ್ತು ಸಲ ಆಫ್ ಮಾಡಿ ಆನ್ ಮಾಡಿ ನೋಡಿದೆ.

ಕೊನೆಗೆ ಮೆಮೊರಿ. ರ‍್ಯಾಮ್‌ನ ಒಂದು ವಿಳಾಸದಲ್ಲಿ 55 ಬರೆದು ಓದಿ, ಆಮೇಲೆ ಎಎ ಬರೆದು ಓದಿ. ಹೆಕ್ಸಾಡೆಸಿಮಲ್‌ನ 55 ಎಂದರೆ 01010101, ಎಎ ಎಂದರೆ 10101010. ಹೀಗೆ ಎಂಟು ಬಿಟ್‌ಗಳೂ ಒಮ್ಮೆ 0, ಒಮ್ಮೆ 1 ಆಗುತ್ತವೆ. ಅಂಟಿಕೊಂಡ ಡೇಟಾ ಲೈನ್ ಸಿಕ್ಕಿಬೀಳುತ್ತದೆ.

ಇಷ್ಟು ಸಾಲದು. ರ‍್ಯಾಮ್ ಸಾಕೆಟ್‌ನಲ್ಲಿ ಒಂದು ಅಡ್ರೆಸ್ ಪಿನ್ ಸರಿಯಾಗಿ ತಾಗದಿದ್ದರೆ ಎರಡು ವಿಳಾಸಗಳು ಒಂದೇ ಜಾಗಕ್ಕೆ ಹೋಗಬಹುದು. ಎಲ್ಲ ಕಡೆ 55 ತುಂಬಿದರೆ ಎಲ್ಲ ಕಡೆಯೂ 55 ಸಿಗುತ್ತದೆ, ದೋಷ ಅಡಗಿಯೇ ಇರುತ್ತದೆ. ಅದಕ್ಕೆ 2000ದಲ್ಲಿ 11, 2100ರಲ್ಲಿ 22 ಬರೆದು, ಮತ್ತೆ 2000ವನ್ನು ಓದಿ. ಅಲ್ಲಿ 22 ಕಂಡರೆ ಎ8 ಲೈನನ್ನು ಪರೀಕ್ಷಿಸಿ. ಉಳಿದ ಲೈನ್‌ಗಳಿಗೂ ಇದೇ ಕ್ರಮ.

ಇವೆಲ್ಲ ಮುಗಿದ ಮೇಲೆ ಒಂದು ಚೀಟಿಯಲ್ಲಿ ದಿನಾಂಕ, ದೋಷ, ಮಾಡಿದ ರಿಪೇರಿ, ಮಾಡಿದ ಪರೀಕ್ಷೆಗಳನ್ನು ಬರೆದು ಕಿಟ್‌ಗೆ ಅಂಟಿಸಿ. ಕಪಾಟಿಗೆ ಇಡುವುದು ಆಮೇಲೆ.