ಪಿತ್ತಕೋಶದ ಕಲ್ಲು ಮತ್ತು ನಮ್ಮ ಉಪವಾಸ

ಆದವಾನಿಯಲ್ಲಿರುವ ನಮ್ಮ ಸೋದರತ್ತೆಯವರು ದಶಲಕ್ಷಣ ಪರ್ವದ ವ್ರತವನ್ನು ಎಂದೂ ತಪ್ಪಿಸಿದವರಲ್ಲ. ಕೆಲವು ವರ್ಷಗಳ ಹಿಂದೆ ಹತ್ತು ದಿನವೂ ಕಾಯಿಸಿದ ನೀರಿನ ಮೇಲೆಯೇ ಇದ್ದು ಉಪವಾಸ ಪೂರೈಸಿದರು. ಪಾರಣೆಯ ದಿನ ಮನೆ ತುಂಬ ನೆಂಟರು. ಬೆಳಿಗ್ಗೆ ಹೆಸರುಕಟ್ಟು ಕುಡಿಸಿದ್ದೇನೋ ನಿಜ. ಆದರೆ ಮಧ್ಯಾಹ್ನ ಎಲ್ಲರ ಒತ್ತಾಯಕ್ಕೆ ಎರಡು ಹೋಳಿಗೆ, ಅದರ ಮೇಲೆ ಧಾರಾಳವಾಗಿ ತುಪ್ಪ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮೇಲ್ಹೊಟ್ಟೆಯಲ್ಲಿ ಹಿಂಡಿದಂಥ ನೋವು ಶುರುವಾಯಿತು. ನೋವು ಬಲಗಡೆ ಪಕ್ಕೆಲುಬಿನ ಕೆಳಗಿನಿಂದ ಬೆನ್ನಿಗೆ, ಅಲ್ಲಿಂದ ಹೆಗಲಿಗೆ ಏರಿತು. ಎರಡು ಸಲ ವಾಂತಿಯೂ ಆಯಿತು. "ಖಾಲಿ ಹೊಟ್ಟೆಗೆ ಗ್ಯಾಸ್ ಹಿಡಿದಿದೆ" ಎಂದು ಮನೆಯವರೆಲ್ಲ ತೀರ್ಮಾನಿಸಿದರು. ಓಮದ ಕಷಾಯ ಮಾಡಿಟ್ಟರೂ ಸೂರ್ಯಾಸ್ತವಾಗಿದ್ದರಿಂದ ಅತ್ತೆ ಮುಟ್ಟಲಿಲ್ಲ. ನಡುರಾತ್ರಿ ನೋವು ತಾನಾಗಿಯೇ ಇಳಿಯಿತು. ಬೆಳಿಗ್ಗೆ ಎಂದಿನಂತೆ ಬಸದಿಗೆ ಹೋಗಿ ಬಂದರು. ವಿಷಯ ಅಲ್ಲಿಗೆ ಮರೆತುಹೋಯಿತು.

ಈ ಕಾಯಿಲೆ ಮೋಸ ಮಾಡುವುದೇ ಹೀಗೆ.

ಯಕೃತ್ತು ದಿನಕ್ಕೆ ಅರ್ಧದಿಂದ ಒಂದು ಲೀಟರಿನವರೆಗೆ ಪಿತ್ತರಸವನ್ನು ತಯಾರಿಸುತ್ತದೆ. ಅದರ ಕೆಳಗೆ ಅಂಟಿಕೊಂಡಿರುವ ಪಿತ್ತಕೋಶ ಒಂದು ಸಣ್ಣ ಚೀಲ. ಅದರಲ್ಲಿ ಹಿಡಿಯುವುದು ಸುಮಾರು 30ರಿಂದ 50 ಮಿಲಿಲೀಟರ್. ಊಟಗಳ ನಡುವಿನ ಹೊತ್ತಿನಲ್ಲಿ ರಸವನ್ನು ಕೂಡಿಟ್ಟು ಗಟ್ಟಿ ಮಾಡುವುದು ಅದರ ಕೆಲಸ. ಜಿಡ್ಡಿನ ಆಹಾರ ಕರುಳಿಗೆ ಇಳಿದೊಡನೆ ಅದು ಕುಗ್ಗಿ, ರಸವನ್ನು ನಾಳದ ಮೂಲಕ ಹೊರಗೆ ದೂಡುತ್ತದೆ. ಪಿತ್ತರಸದಲ್ಲಿ ಕೊಲೆಸ್ಟರಾಲ್ ಅತಿಯಾದಾಗ, ಅಥವಾ ರಸ ಹೊರಬೀಳದೆ ನಿಂತೇ ಇದ್ದಾಗ, ಮೊದಲು ಕೆಸರಿನಂಥ ಗಸಿ, ಆಮೇಲೆ ಹರಳು. ಹರಳು ಚೀಲದ ಬಾಯಿಗೆ ಸಿಕ್ಕಿಕೊಂಡರೆ ನೋವು. ಜಾರಿ ಹಿಂದಕ್ಕೆ ಬಿದ್ದರೆ ನೋವೂ ಮಾಯ. ಕಲ್ಲು ಮಾತ್ರ ಒಳಗೇ ಇರುತ್ತದೆ. ನೋವು ಬಂದು ಹೋಯಿತೆಂದರೆ ಕಾಯಿಲೆ ವಾಸಿಯಾಯಿತೆಂದಲ್ಲ.

ಇನ್ನು ಉಪವಾಸದ ಮಾತು. ಇದನ್ನು ಬರೆಯುವಾಗ ನನಗೂ ಅಳುಕಿದೆ, ಏಕೆಂದರೆ ತಪಸ್ಸನ್ನು ಹಗುರವಾಗಿ ಕಾಣುವ ಉದ್ದೇಶ ನನ್ನದಲ್ಲ. ಅಷ್ಟಮಿ, ಚತುರ್ದಶಿಯ ಒಂದು ದಿನದ ಉಪವಾಸದಿಂದ ಕಲ್ಲು ಬೆಳೆಯುತ್ತದೆಂದು ಯಾರೂ ಹೆದರಬೇಕಾಗಿಲ್ಲ. ಏಕಾಶನಕ್ಕೂ ಈ ಭಯ ಬೇಡ. ಎಂಟು, ಹತ್ತು, ಮೂವತ್ತು ದಿನ ಬರೀ ನೀರಿನ ಮೇಲಿದ್ದಾಗ ಸಂಗತಿ ಬೇರೆ. ಪಿತ್ತಕೋಶಕ್ಕೆ ಕುಗ್ಗುವ ಕೆಲಸವೇ ಇರುವುದಿಲ್ಲ. ರಸ ನಿಂತಲ್ಲೇ ನಿಂತು ಗಟ್ಟಿಯಾಗುತ್ತದೆ. ಮೈತೂಕ ಬೇಗ ಇಳಿಯುವಾಗ ಕರಗಿದ ಕೊಬ್ಬಿನ ಕೊಲೆಸ್ಟರಾಲ್ ಪಿತ್ತರಸಕ್ಕೇ ಬಂದು ಸೇರುತ್ತದೆ. ವಾರಕ್ಕೆ ಒಂದೂವರೆ ಕಿಲೋಗಿಂತ ಹೆಚ್ಚು ತೂಕ ಇಳಿಸಿಕೊಳ್ಳುವವರಲ್ಲಿ ಕಲ್ಲಿನ ಸಂಭವ ಹೆಚ್ಚೆಂದು ವೈದ್ಯರು ಕಂಡಿದ್ದಾರೆ. ಊಟ ಮತ್ತೆ ಶುರುವಾದ ಮೇಲೆ ಆ ಗಸಿ ಹಲವರಲ್ಲಿ ತಾನೇ ಕರಗಿಹೋಗುವುದೂ ಉಂಟು. ಆದರೆ ಮೊದಲೇ ಕಲ್ಲಿದ್ದವರಿಗೆ ಪಾರಣೆಯ ತುಪ್ಪವೇ ಕಂಟಕ: ಹತ್ತು ದಿನ ಸುಮ್ಮನಿದ್ದ ಚೀಲ ಒಮ್ಮೆಲೇ ಜೋರಾಗಿ ಕುಗ್ಗುತ್ತದೆ, ಕಲ್ಲು ಬಾಯಿಗೆ ಬಂದು ಕೂರುತ್ತದೆ.

ಹೆಂಗಸರಲ್ಲಿ ಈ ತೊಂದರೆ ಹೆಚ್ಚು. ನಲವತ್ತು ದಾಟಿದವರು, ಹಲವು ಹೆರಿಗೆಯಾದವರು, ಮೈ ಬಂದವರು, ಸಕ್ಕರೆ ಕಾಯಿಲೆಯವರು, ಮನೆತನದಲ್ಲೇ ಈ ಕಾಯಿಲೆ ಇರುವವರು ವಿಶೇಷ ಎಚ್ಚರದಿಂದಿರಬೇಕು. ನಮ್ಮಲ್ಲಿ ದೀರ್ಘ ಉಪವಾಸ ಹಿಡಿಯುವವರೂ ಬಹುಪಾಲು ಇದೇ ಶ್ರಾವಿಕೆಯರು ಎಂಬುದನ್ನು ಮನೆಯ ಗಂಡಸರು ಗಮನಿಸುವುದು ಒಳ್ಳೆಯದು.

ಅತ್ತೆಯವರ ಕಥೆ ಅಲ್ಲಿಗೆ ಮುಗಿಯಲಿಲ್ಲ. ಎರಡು ತಿಂಗಳ ನಂತರ ಪೆದ್ದತುಂಬಳದ ಪಾರ್ಶ್ವನಾಥ ಸ್ವಾಮಿಯ ದರ್ಶನ ಮಾಡಿಕೊಂಡು ಬಂದ ರಾತ್ರಿ ಮತ್ತೆ ಅದೇ ನೋವು ಬಂತು. ಯಾರೋ ಬಾಳೆದಿಂಡಿನ ರಸ ಕುಡಿಯಲು ಹೇಳಿದರು. ಆದವಾನಿ, ಮಂತ್ರಾಲಯ, ಎಮ್ಮಿಗನೂರು ಕಡೆಯ ನಮ್ಮ ಮನೆಗಳಲ್ಲಿ ಒಳಗೆ ಕನ್ನಡ, ಅಂಗಡಿಯಲ್ಲಿ ತೆಲುಗು. 1953ರವರೆಗೆ ಆದವಾನಿ ಬಳ್ಳಾರಿ ಜಿಲ್ಲೆಯಲ್ಲೇ ಇತ್ತಲ್ಲವೇ! ಆದರೆ ಯಾವ ಭಾಷೆಯಲ್ಲಿ ಹೇಳಿದರೂ 'ಕಲ್ಲು' ಎಂದೊಡನೆ ಜನ ಮೂತ್ರಪಿಂಡದ ಕಲ್ಲೆಂದೇ ತಿಳಿಯುತ್ತಾರೆ. ಬಾಳೆದಿಂಡನ್ನು ಜನ ಬಳಸುತ್ತ ಬಂದಿರುವುದು ಆ ಕಲ್ಲಿಗೆ. ಪಿತ್ತಕೋಶ ಮೂತ್ರದ ದಾರಿಯಲ್ಲೇ ಇಲ್ಲ; ಎಷ್ಟು ನೀರು ಕುಡಿದರೂ ಅಲ್ಲಿಯ ಕಲ್ಲು ತೊಳೆದುಹೋಗದು.

ಇನ್ನೊಬ್ಬರು ಎಣ್ಣೆಗೆ ನಿಂಬೆರಸ ಬೆರೆಸಿ ಕುಡಿಸಿದರು. ಮರುದಿನ ಮಲದಲ್ಲಿ ಹಸಿರು ಉಂಡೆಗಳು ಬಿದ್ದವು, ಕಲ್ಲು ಹೋಯಿತೆಂದು ಎಲ್ಲರಿಗೂ ಸಂತೋಷ. ಇಂಥ ಉಂಡೆಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ವರದಿಯೊಂದು 2005ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಅವು ಕಲ್ಲುಗಳಲ್ಲ, ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಿನಂತೆ ಗಟ್ಟಿಯಾದ ಮುದ್ದೆಗಳು.

ಮೂರನೆಯ ದಿನ ಅತ್ತೆಗೆ ನಡುಕದ ಜ್ವರ ಬಂತು, ಕಣ್ಣು ಹಳದಿಯಾಯಿತು. ಕಾಮಾಲೆ ಎಂದು ಸೊಪ್ಪಿನ ರಸ ಹಾಕಿಸಿ, ಪಥ್ಯ ಹಿಡಿಸಿ ಇನ್ನೂ ಎರಡು ದಿನ ಕಳೆದೆವು. ಆ ಎರಡು ದಿನಗಳನ್ನು ನೆನೆದರೆ ಈಗಲೂ ನನಗೆ ಎದೆ ನಡುಗುತ್ತದೆ. ಕಲ್ಲು ಚೀಲದಿಂದ ಜಾರಿ ಮುಖ್ಯ ಪಿತ್ತನಾಳಕ್ಕೆ ಅಡ್ಡ ಬಿದ್ದಿತ್ತು. ಹಿಂದೆ ನಿಂತ ರಸದಲ್ಲಿ ಸೋಂಕು ಹತ್ತಿತ್ತು. ನೋವು, ಚಳಿಜ್ವರ, ಹಳದಿ ಕಣ್ಣು ಮೂರೂ ಒಟ್ಟಿಗೆ ಕಂಡರೆ ಅದು ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ. ತಡವಾದರೆ ಜೀವಕ್ಕೇ ಅಪಾಯ. ಕಲ್ಲು ಮೇದೋಜೀರಕ ಗ್ರಂಥಿಯ ಬಾಯಿಯನ್ನು ಮುಚ್ಚಿದರೆ ಅದರ ಉರಿಯೂತವೂ ಅಷ್ಟೇ ಭೀಕರ.

ರೈಲಿನಲ್ಲಿ ರಾಯಚೂರಿಗೆ ಕರೆದೊಯ್ದೆವು. ಅಲ್ಲಿ ಸ್ಕ್ಯಾನ್ ಮಾಡಿ ಹೈದರಾಬಾದಿಗೆ ಕಳಿಸಿದರು. ಬಾಯಿಯ ಮೂಲಕ ದುರ್ಬೀನಿನ ಕೊಳವೆ ಇಳಿಸಿ ನಾಳದ ಕಲ್ಲನ್ನು ತೆಗೆದರು. ಜ್ವರ ಇಳಿದ ಮೇಲೆ ಪಿತ್ತಕೋಶವನ್ನೂ ತೆಗೆದರು. ಈ ಕಾಯಿಲೆಗೆ ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನೇ ಉತ್ತಮ ಪರೀಕ್ಷೆ, ಏಕೆಂದರೆ ಸಾಮಾನ್ಯ ಎಕ್ಸ್‌ರೇಯಲ್ಲಿ ಹೆಚ್ಚಿನ ಕಲ್ಲುಗಳು ಕಾಣುವುದೇ ಇಲ್ಲ. ಅದಕ್ಕೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು; ನಮ್ಮವರಿಗೆ ಅದೇನು ಕಷ್ಟ!

ಚೀಲವನ್ನೇ ತೆಗೆದರೆ ಗತಿಯೇನೆಂದು ಅತ್ತೆಯಂತೆ ಎಲ್ಲರೂ ಕೇಳುತ್ತಾರೆ. ಬರ್ಲಿನ್ನಿನ ಲಾಂಗೆನ್‌ಬುಕ್ ಎಂಬ ವೈದ್ಯರು 1882ರಲ್ಲಿ ಮೊದಲ ಬಾರಿಗೆ ಪಿತ್ತಕೋಶವನ್ನು ತೆಗೆದರು. ಅದಿಲ್ಲದೆಯೂ ಮನುಷ್ಯ ಚೆನ್ನಾಗಿ ಬದುಕುತ್ತಾನೆಂದು ಅಂದಿನಿಂದ ಗೊತ್ತು. ರಸ ಯಕೃತ್ತಿನಿಂದ ನೇರವಾಗಿ ಕರುಳಿಗೆ ಇಳಿಯುತ್ತದೆ. ಸಣ್ಣ ರಂಧ್ರಗಳ ಮೂಲಕ ಮಾಡುವ ಶಸ್ತ್ರಚಿಕಿತ್ಸೆಯನ್ನು ನಮ್ಮ ದೇಶದಲ್ಲಿ 1990ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉಡವಾಡಿಯಾ ಆರಂಭಿಸಿದರು. ಹಾಗೆಂದು ಕಲ್ಲು ಕಂಡವರೆಲ್ಲ ಕೊಯ್ಯಿಸಿಕೊಳ್ಳಬೇಕಿಲ್ಲ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಲ್ಲು ಕಂಡು, ಒಮ್ಮೆಯೂ ನೋವು ಬಾರದವರಲ್ಲಿ ಹೆಚ್ಚಿನವರಿಗೆ ಏನೂ ಮಾಡುವುದು ಬೇಡ. ಪದೇಪದೇ ನೋವು ಬರುವವರು ಮಾತ್ರ ಮುಂದೂಡಬಾರದು.

ಕರಗಿಸುವ ಮಾತ್ರೆಯಿದೆಯಲ್ಲ ಎನ್ನಬಹುದು. ಅದು ಸಣ್ಣ ಕೊಲೆಸ್ಟರಾಲ್ ಕಲ್ಲಿಗಷ್ಟೇ. ತಿಂಗಳುಗಟ್ಟಲೆ ನುಂಗಬೇಕು, ಬಿಟ್ಟರೆ ಕಲ್ಲು ಮರಳಲೂಬಹುದು. ನಮ್ಮ ಓದುಗರು ಇನ್ನೊಂದನ್ನೂ ತಿಳಿದಿರಬೇಕು: ಅರ್ಸೋಡಿಆಕ್ಸಿಕೋಲಿಕ್ ಆಮ್ಲ ಎಂಬ ಈ ಔಷಧಿಯನ್ನು ಸಾಮಾನ್ಯವಾಗಿ ದನದ ಪಿತ್ತದಿಂದ ತಯಾರಿಸುತ್ತಾರೆ. ತೆಗೆದುಕೊಳ್ಳುವುದು ಬಿಡುವುದು ಅವರವರ ವ್ರತಕ್ಕೆ ಬಿಟ್ಟದ್ದು, ಆದರೆ ವೈದ್ಯರನ್ನು ಮೊದಲೇ ಕೇಳಲು ಸಂಕೋಚ ಬೇಡ. ಅಂದಹಾಗೆ, ಯಂತ್ರ ಬರೆಯಲು ಬಳಸುವ ಗೋರೋಚನವೂ ದನದ ಪಿತ್ತಕೋಶದ ಕಲ್ಲೇ ಎಂದು ಹೇಳಿದರೆ ನಮ್ಮ ಹಿರಿಯರು ಎಷ್ಟೋ ಜನ ನಂಬುವುದಿಲ್ಲ.

ರಾತ್ರಿಭೋಜನ ತ್ಯಾಗ ಮಾಡಿದವರು ಬೆಳಗಿನ ಆಹಾರವನ್ನೂ ಬಿಟ್ಟು ಮಧ್ಯಾಹ್ನದವರೆಗೆ ಹಾಗೇ ಇರುವ ರೂಢಿ ಕೆಲವು ಮನೆಗಳಲ್ಲಿದೆ. ವ್ರತ ಅದನ್ನು ಕೇಳುವುದಿಲ್ಲ. ಕೆಲಸದ ಗಡಿಬಿಡಿ ಕೇಳುತ್ತದೆ. ಸೂರ್ಯೋದಯದ ನಂತರ ಹೊತ್ತಿಗೆ ಸರಿಯಾಗಿ ಏನಾದರೂ ತಿಂದರೆ ಪಿತ್ತಕೋಶಕ್ಕೆ ಒಳ್ಳೆಯದು. ದೀರ್ಘ ಉಪವಾಸದ ಸಂಕಲ್ಪ ಮಾಡುವ ಮುನ್ನ, ಹಿಂದೆ ಇಂಥ ನೋವು ಬಂದವರು ಒಂದು ಸ್ಕ್ಯಾನ್ ಮಾಡಿಸಿಕೊಳ್ಳಲಿ. ಪಾರಣೆಯ ಮೊದಲ ಎರಡು ಮೂರು ದಿನ ಹೆಸರುಕಟ್ಟು, ಗಂಜಿ, ತೆಳು ಮಜ್ಜಿಗೆ ಇರಲಿ. ಹೋಳಿಗೆ ಎಲ್ಲಿಗೂ ಓಡಿಹೋಗುವುದಿಲ್ಲ.

ಮರುವರ್ಷ ಭಾದ್ರಪದ ಬಂದಾಗ ಅತ್ತೆ ವೈದ್ಯರ ಮುಂದೆ ಕೈಮುಗಿದು ಕೇಳಿದ್ದು ಒಂದೇ ಮಾತು: ವ್ರತ ಮಾಡಬಹುದೇ? ಅವರು ಮಾಡಿ ಎಂದರು. ಆ ಸಲ ಹತ್ತು ದಿನ ಏಕಾಶನ ಮಾಡಿದರು. ಪಾರಣೆಗೆ ಹೋಗಿದ್ದ ನನಗೂ ಅವರು ಬಡಿಸಿದ್ದು ಹೆಸರುಕಟ್ಟು.